ಅಂಟು ಹಾಕದ ಬಟ್ಟೆ

ಆಲ್ಡೋನಾ ದಿನಕ್ಕೆ ನೂರಿಪ್ಪತ್ತು ಗುಲಾಬಿ ಬರೆಯುತ್ತಿದ್ದಳು. ನ್ಯೂಯಾರ್ಕಿನ ಇಪ್ಪತ್ತಮೂರನೇ ಬೀದಿಯ ಲ್ಯಾಂಪ್ ಶೇಡ್ ಕಾರ್ಖಾನೆಯಲ್ಲಿ ಅವಳದು ಕಿಟಕಿ ಪಕ್ಕದ ಬೆಂಚು. ಒಂದು ಶೇಡಿಗೆ ಆರು ಗುಲಾಬಿ, ಹನ್ನೆರಡು ಎಲೆ, ಮುಳ್ಳು ಕೂಡದು. ಮಲಗುವ ಕೋಣೆಯಲ್ಲಿ ಮುಳ್ಳು ಯಾರಿಗೆ ಬೇಕು ಎಂದು ಮೇಸ್ತ್ರಿ ಬೈಯುತ್ತಿದ್ದ. ಐದು ಗಂಟೆಗೆ ಕೈ ತೊಳೆದು ಹೊರಬಿದ್ದಳೆಂದರೆ ಗುಲಾಬಿಯ ಸುದ್ದಿ ಮುಗಿಯಿತು. ಹತ್ತನೇ ಬೀದಿಯ ತನ್ನ ಮಾಳಿಗೆಗೆ ಬಂದು, ನೆಲಕ್ಕೆ ಹಾಸಿದ ಹತ್ತಡಿ ಬಟ್ಟೆಯ ಅಂಚಿಗೆ ಬರಿಗಾಲಲ್ಲಿ ನಿಂತು, ಕಾಫಿ ಡಬ್ಬಿಯಲ್ಲಿ ಕಲಸಿಟ್ಟ ಬಣ್ಣವನ್ನು ಸುರಿಯುತ್ತಿದ್ದಳು. ಸುರಿದದ್ದನ್ನು ಬಟ್ಟೆಯ ಮೂಲೆ ಎತ್ತಿ ಹರಿಸುವಳು, ಸ್ಪಂಜು ಹಿಡಿದು ತಡೆಯುವಳು, ಕೆಲವು ಕಡೆ ಅಂಗೈಯಲ್ಲಿ ದಪ್ಪಗೆ ಮೆತ್ತುವಳು. ಅದರಲ್ಲಿ ಹೂವಿಲ್ಲ, ಮನುಷ್ಯರಿಲ್ಲ, ಮನೆ ಮರ ಯಾವುದೂ ಇಲ್ಲ. ಏನಿದು ಎಂದು ಕೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಹಾಗೆ ಕೇಳುವುದೇ ಅಸಭ್ಯತನ ಎಂದು ಆಗ ಆ ಬೀದಿಯ ಚಿತ್ರಗಾರರೆಲ್ಲ ನಂಬಿದ್ದೆವು.

ಇದು ಐವತ್ತೆರಡು, ಐವತ್ಮೂರನೇ ಇಸವಿಯ ಮಾತು. ಆ ಕಟ್ಟಡದಲ್ಲಿ ಕೆಳಗೆ ಕುರ್ಚಿ ರಿಪೇರಿಯವನು, ನಡುವೆ ಟೋಪಿ ಗೋದಾಮು, ಮೇಲೆ ಇವಳು. ಬಿಸಿನೀರಿಲ್ಲ. ಅಲ್ಲಿ ವಾಸ ಮಾಡುವುದು ಕಾನೂನಿಗೆ ವಿರುದ್ಧ. ಇನ್‌ಸ್ಪೆಕ್ಟರ್ ಬಂದರೆ ಕುರ್ಚಿಯವನು ನೀರಿನ ಪೈಪಿಗೆ ಮೂರು ಸಲ ಬಡಿಯುವನು. ಇವಳು ಹಾಸಿಗೆ ಸುತ್ತಿ ಚಿತ್ರದ ಸುರುಳಿಗಳ ನಡುವೆ ನಿಲ್ಲಿಸುವಳು. ಮದುವೆ ಒಮ್ಮೆ ಆಗಿತ್ತು, ಹನ್ನೊಂದು ತಿಂಗಳು. ಗಂಡನೂ ಚಿತ್ರ ಬರೆಯುವವನೇ. ಉತ್ತರದ ಕಿಟಕಿಯ ಬೆಳಕು ಅವನಿಗೆ, ಒಲೆಯ ಮೂಲೆ ಇವಳಿಗೆ ಎಂದು ಪಾಲಾದ ದಿನ ಅವನ ಸಾಮಾನನ್ನು ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಂಡಳು. ಆಮೇಲೆ ಬಾರಿನಲ್ಲಿ ಅವನ ಗೆಳೆಯರು ಕೆಣಕುತ್ತಿದ್ದರು.

“ಏನಮ್ಮಾ ಆಲ್ಡೋನಾ, ಕುಂಚಾನೇ ಮುಟ್ಟಲ್ವಂತೆ? ಇದ್ದದ್ದನ್ನ ಮಾರ್ಕೊಂಡು ತಿಂದ್ಯಾ?”

“ಇಲ್ಲಪ್ಪ, ನಿನ್ನ ಹೆಂಡ್ತಿಗೆ ಕೊಟ್ಟಿದ್ದೀನಿ. ನೀನು ಇಲ್ಲಿ ಕುಡೀತಾ ಕೂತಾಗ ಅವಳು ನಿನ್ನ ಚಿತ್ರ ತಿದ್ತಾಳಂತಲ್ಲ.”

ಬಾಯಿ ಅಷ್ಟು ಜೋರು. ಕೆಲಸದಲ್ಲಿ ಮಾತ್ರ ಅವಳಷ್ಟು ಶ್ರದ್ಧೆಯವರನ್ನು ಆ ಬೀದಿ ನೋಡಿರಲಿಲ್ಲ.

ಅವಳು ಹುಟ್ಟಿದ್ದು ಪೆನ್ಸಿಲ್ವೇನಿಯಾದ ಶೆನಂಡೋವಾ ಎಂಬ ಕಲ್ಲಿದ್ದಲಿನ ಊರಿನಲ್ಲಿ, ಲಿಥುವೇನಿಯಾದಿಂದ ಬಂದವರ ಕೇರಿಯಲ್ಲಿ. ಅಪ್ಪ ಗಣಿಯವನು. ಗಣಿಯವರ ಕೈಗೆ ಗಾಯವಾದರೆ ಕಲ್ಲಿದ್ದಲಿನ ಪುಡಿ ಒಳಗೇ ಉಳಿದು ಚರ್ಮ ಮುಚ್ಚಿಕೊಳ್ಳುತ್ತದೆ. ಗೆರೆ ಗೆರೆಯಾಗಿ ನೀಲಿ. ಶನಿವಾರ ಅಪ್ಪ ತೊಟ್ಟಿಯಲ್ಲಿ ಕೂತು ಎಷ್ಟು ಉಜ್ಜಿದರೂ ಆ ನೀಲಿ ಹೋಗುತ್ತಿರಲಿಲ್ಲ. ಅವನು ಸತ್ತು ಪೆಟ್ಟಿಗೆಯಲ್ಲಿ ಮಲಗಿದಾಗ ಮುಖ ಯಾರದೋ ಅನ್ನಿಸಿತ್ತು, ಕೈ ಮಾತ್ರ ಅಪ್ಪನದೇ ಆಗಿತ್ತು. ಬಣ್ಣ ಇರಬೇಕಾದ್ದು ಹಾಗೆ ಎಂದು ಆಲ್ಡೋನಾಗೆ ಆವತ್ತೇ ತಲೆಯಲ್ಲಿ ಕೂತುಬಿಟ್ಟಿತು. ಮೇಲೆ ಬಳಿದದ್ದಾಗಿರಬಾರದು, ಒಳಗೆ ಇಳಿದದ್ದಾಗಿರಬೇಕು.

ಎಣ್ಣೆ ಬಣ್ಣದವರಿಗೆ ಒಂದು ನಿಯಮವಿದೆ. ಬಟ್ಟೆಗೆ ಮೊದಲು ಅಂಟು ಬಳಿದು ಒಣಗಿಸಬೇಕು, ಅದರ ಮೇಲೆ ಬಿಳಿ, ಬಿಳಿಯ ಮೇಲೆ ಬಣ್ಣ. ಶಾಲೆಯಲ್ಲಿ ಕಲಿತ ಮೊದಲ ಪಾಠವೇ ಅದು. ಆರಂಭದ ಒಂದೆರಡು ವರ್ಷ ಆಲ್ಡೋನಾ ಕೂಡ ಹಾಗೇ ಮಾಡಿದಳು. ಆಮೇಲೆ ಬಿಟ್ಟಳು. ಅಂಟು ಹಾಕಿದರೆ ಬಣ್ಣ ಬಟ್ಟೆಯ ಮೇಲೆ ನೆಂಟನ ಹಾಗೆ ಕೂರುತ್ತದೆ ಎನ್ನುತ್ತಿದ್ದಳು. ಅಗಸೆ ಎಣ್ಣೆಯಲ್ಲಿ ತೆಳ್ಳಗೆ ಕಲಸಿದ ಬಣ್ಣವನ್ನು ಬರಿ ಹತ್ತಿ ಬಟ್ಟೆಗೇ ಕುಡಿಸತೊಡಗಿದಳು. ಮೂಲೆಯ ಬಣ್ಣದಂಗಡಿಯ ಮುದುಕ ಫೆಲ್ಡ್‌ಬಾಮ್ ಒಬ್ಬನೇ ಎದುರಿಗೆ ಹೇಳಿದ್ದು.

“ಮಗಳೇ, ಎಣ್ಣೆ ಹತ್ತೀನ ತಿನ್ನುತ್ತೆ. ಈಗ ಕಾಣಲ್ಲ. ಇಪ್ಪತ್ತು ವರ್ಷ, ಮೂವತ್ತು ವರ್ಷಕ್ಕೆ ಕಾಣುತ್ತೆ. ಅಂಟು ತಗೊಂಡ್ಹೋಗು, ದುಡ್ಡು ಬೇಡ.”

“ಮೂವತ್ತು ವರ್ಷಕ್ಕೆ ನನ್ನನ್ನೇ ಏನು ತಿಂದಿರುತ್ತೋ ಯಾರಿಗೆ ಗೊತ್ತು, ತಾತ. ಟರ್ಪೆಂಟೈನ್ ಕೊಡಿ.”

ಹತ್ತನೇ ಬೀದಿಯಲ್ಲಿ ಹೀಗೆ ಮಾತಾಡಿದವಳು ಇವಳೊಬ್ಬಳೇ ಅಲ್ಲ. ಇವತ್ತಿನ ಉಸಿರು ಇವತ್ತಿನ ಬಟ್ಟೆಗೆ, ನಾಳೆಯ ಚಿಂತೆ ಅಂಗಡಿಯವರಿಗೆ ಎಂದು ಎಲ್ಲರೂ ಮೇಜು ಗುದ್ದುತ್ತಿದ್ದರು. ಹಾಗೆ ಗುದ್ದಿದ ಹಲವರು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬಟ್ಟೆಗೆ ಅಂಟು ಬಳಿಯುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಆಡಿದ ಮಾತಿನಂತೆ ನಡೆದ ಪೆದ್ದಿ ಇವಳು.

ಬಟ್ಟೆ ಬರುತ್ತಿದ್ದದ್ದು ಅಕ್ಕನಿಂದ. ಬ್ರೋನೆ ಇವಳಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಸತ್ತಾಗ ಆಲ್ಡೋನಾಗೆ ಆರು, ಬ್ರೋನೆಗೆ ಹದಿನೈದು. ಬ್ರೋನೆ ಶಾಲೆ ಬಿಟ್ಟು ಶರ್ಟ್ ಫ್ಯಾಕ್ಟರಿ ಸೇರಿದಳು, ತಂಗಿಯ ಜಡೆ ಹೆಣೆದಳು, ತಂಗಿಗೆ ಆಲೂಗಡ್ಡೆ ಬೇಯಿಸಿ ಹಾಕಿದಳು. ತಂಗಿ ಚಿತ್ರ ಕಲಿಯಲು ಊರು ಬಿಡುತ್ತೇನೆ ಎಂದಾಗ ಕೇರಿಯೆಲ್ಲ ನಕ್ಕಿತು, ಬ್ರೋನೆ ಪೆಟ್ಟಿಗೆ ತುಂಬಿಸಿಕೊಟ್ಟಳು. ಅಷ್ಟಗಲದ ಬಟ್ಟೆ ನ್ಯೂಯಾರ್ಕಿನಲ್ಲಿ ದುಬಾರಿ. ಬ್ರೋನೆ ಊರಿನಲ್ಲೇ ಮೂರಡಿ ಅಗಲದ ದಪ್ಪ ಹತ್ತಿ ಬಟ್ಟೆ ಕೊಂಡು, ಮೂರು ಪಟ್ಟಿ ಸೇರಿಸಿ, ಶರ್ಟಿನ ಬದಿಗೆ ಹಾಕುವ ಎರಡೆಳೆ ಹೊಲಿಗೆ ಹಾಕಿ, ಮಡಚಿ, ವರ್ಷಕ್ಕೆ ನಾಲ್ಕು ಸಲ ಬಸ್ಸಿನಲ್ಲಿ ಹೊತ್ತು ತರುತ್ತಿದ್ದಳು.

ಒಮ್ಮೆ ಹಾಗೆ ಬಂದವಳು, ನೆಲದ ಮೇಲಿದ್ದ ಚಿತ್ರ ನೋಡಿ ಬಾಗಿಲಲ್ಲೇ ನಿಂತಳು. ತಂಗಿಯನ್ನು ಅವಳು ಮುದ್ದಿನಿಂದ ಕರೆಯುತ್ತಿದ್ದದ್ದು ಆಲ್ದುಟೆ ಎಂದು.

“ಅಯ್ಯೋ ಆಲ್ದುಟೆ, ಎಷ್ಟು ಚೆನ್ನಾಗಿ ಒಗೆದು ತಂದಿದ್ದೆ ಕಣೇ! ಏನಾದ್ರೂ ಚೆಲ್ಲಿತಾ?”

“ಚೆಲ್ಲಿದ್ದಲ್ಲ ಅಕ್ಕ, ಬರೆದಿದ್ದು. ಏಣಿ ಹತ್ತಿ ಮೇಲಿಂದ ನೋಡು.”

ಬ್ರೋನೆ ಚರ್ಚಿಗೆ ಹಾಕುವ ಬೂಟಿನಲ್ಲೇ ಏಣಿ ಹತ್ತಿದಳು. ಮೇಲಿಂದ ಬಗ್ಗಿ ಚಿತ್ರವನ್ನು ಮೂಲೆಯಿಂದ ಮೂಲೆಗೆ ನೋಡಿದಳು. ಹತ್ತನೇ ಬೀದಿಯ ದೊಡ್ಡ ದೊಡ್ಡ ಮಾತುಗಾರರೆಲ್ಲ ಆ ಚಿತ್ರದ ಮುಂದೆ ನಿಂತು, ಏನೇನೋ ಹೇಳಿ ಹೋಗಿದ್ದರು.

“ಅಪ್ಪನ ಕೈ ಥರ ಇದ್ಯಲ್ಲೇ” ಎಂದಳು ಬ್ರೋನೆ.

ಆಲ್ಡೋನಾ ಅವಳನ್ನು ಇಳಿಸಿಕೊಂಡು ತಬ್ಬಿ ಅತ್ತಳು. ತನ್ನ ಚಿತ್ರವನ್ನು ಜಗತ್ತಿನಲ್ಲಿ ಒಬ್ಬರಾದರೂ ನೋಡಿದರು ಎಂದು ಅವಳಿಗೆ ಖಾತ್ರಿಯಾದದ್ದು ಆವತ್ತು. ಆಮೇಲೆ ಇನ್ನೊಮ್ಮೆ ಅಷ್ಟು ಖಾತ್ರಿಯಾಗಲಿಲ್ಲ.

ಐವತ್ತಾರರಲ್ಲಿ ಹತ್ತು ಜನ ಸೇರಿ ನಡೆಸುತ್ತಿದ್ದ ಗ್ಯಾಲರಿಯಲ್ಲಿ ಅವಳ ಪ್ರದರ್ಶನವಾಯಿತು. ಏಳು ಚಿತ್ರ. ಎಲ್ಲಕ್ಕೂ ಹೆಸರಿನ ಬದಲು ನಂಬರು. ದೊಡ್ಡದು ಹದಿನಾಲ್ಕನೇದು, ಗೋಡೆಯ ಇಡೀ ಉದ್ದ ಹಿಡಿದಿತ್ತು. ಒಂದು ಪತ್ರಿಕೆ ಆರು ಸಾಲು ಬರೆದು, ಅದರಲ್ಲಿ ಎರಡು ಸಾಲು ಅವಳ ಮೈಕಟ್ಟಿನ ಬಗ್ಗೆ ಖರ್ಚು ಮಾಡಿತು. ಒಬ್ಬ ಹಲ್ಲಿನ ಡಾಕ್ಟರ್ ಒಂದು ಚಿಕ್ಕ ಚಿತ್ರ ಒಯ್ದು ಬದಲಿಗೆ ಅವಳ ಮೂರು ಹಲ್ಲು ಸರಿಮಾಡಿಕೊಟ್ಟ. “ನನ್ನ ಕಲೇನ ಜಗಿದು ಜಗಿದು ಅರ್ಥ ಮಾಡ್ಕೊಂಡೋನು ಅವನೊಬ್ಬನೇ” ಎಂದು ಅವಳು ಬಾರಿನಲ್ಲಿ ಬಾಯಿ ತೆರೆದು ತೋರಿಸುತ್ತಿದ್ದಳು. ಇನ್ನೇನೂ ಮಾರಾಟವಾಗಲಿಲ್ಲ. ಅದೇ ಚಳಿಗಾಲ ಅವಳ ಹಳೆಯ ಗಂಡನ ಚಿತ್ರವನ್ನು ಶ್ರೀಮಂತರ ಬೀದಿಯ ದೊಡ್ಡ ಗ್ಯಾಲರಿ ಕೊಂಡಿತು.

ಕಾಲ ಯಾರಿಗೂ ಕಾಯಲಿಲ್ಲ. ಅರವತ್ತು ದಾಟುತ್ತಿದ್ದಂತೆ ಚಿತ್ರ ನೋಡುವವರ ರುಚಿ ಬದಲಾಯಿತು. ನಮ್ಮ ಗೋಳು ಸಾಕಾಗಿ ಜನಕ್ಕೆ ತಮಾಷೆ ಬೇಕಾಯಿತು. ಹತ್ತು ಜನರ ಆ ಗ್ಯಾಲರಿ ಬಾಗಿಲು ಹಾಕಿತು. ಅರವತ್ತೆರಡರಲ್ಲಿ ಅವಳಿದ್ದ ಕಟ್ಟಡವನ್ನು ಕೆಡವುತ್ತೇವೆಂದು ನೋಟೀಸು ಅಂಟಿಸಿದರು. ಅವಳಿಗೆ ಸಿಕ್ಕಿದ್ದು ಒಂದೇ ಕೋಣೆ. ಇಪ್ಪತ್ತಮೂರು ದೊಡ್ಡ ಚಿತ್ರ ಇಡಲು ಅಲ್ಲಿ ಜಾಗವಿಲ್ಲ. ಶೆನಂಡೋವಾದಿಂದ ನ್ಯೂಯಾರ್ಕಿಗೆ ಸಾಸೇಜ್ ತರುತ್ತಿದ್ದ ವ್ಯಾನು ಖಾಲಿ ಹಿಂದಿರುಗುವಾಗ ಸುರುಳಿಗಳೆಲ್ಲ ಅದರಲ್ಲಿ ಹೋದವು, ಬೆಳ್ಳುಳ್ಳಿ ಹೊಗೆಯ ವಾಸನೆ ಮೆತ್ತಿಕೊಂಡು. ಬ್ರೋನೆಯ ಮನೆಯ ಅಟ್ಟ ಅವುಗಳ ಮನೆಯಾಯಿತು.

ಎಣ್ಣೆ ಚಿತ್ರ ಸುತ್ತುವಾಗ ಬಣ್ಣದ ಮುಖ ಹೊರಗಿರಬೇಕು. ಒಳಗಿದ್ದರೆ ಬಣ್ಣ ಅಮುಕಿಕೊಂಡು ಬಿರುಕು ಬಿಡುತ್ತದೆ. ನಮ್ಮವರಿಗೆಲ್ಲ ಗೊತ್ತಿರುವ ಮಾತು, ಬೇರೆಯವರಿಗೆ ತಲೆಕೆಳಗು ಅನ್ನಿಸುವ ಮಾತು. ಆಲ್ಡೋನಾ ಹಾಗೇ ಸುತ್ತಿ ತಂದಿದ್ದಳು.

“ಒಳ್ಳೇ ಮುಖಾನೇ ಹೊರಗೆ ಹಾಕಿದ್ಯಲ್ಲೇ, ಕೆಳಗೆ ಇದ್ದಿಲ ಒಲೆ ಇದೆ. ಮಸಿ ಕೂರಲ್ವಾ?” ಎಂದು ಬ್ರೋನೆ ಕೇಳಿದಳು.

“ಕೂತ್ರೆ ಕೂರ್ಲಿ. ನೀನು ಮುಟ್ಟೋಕೆ ಹೋಗ್ಬೇಡ.”

ಯಾಕೆ ಎಂದು ಹೇಳಲಿಲ್ಲ. ಹೇಳುವಷ್ಟು ತಾಳ್ಮೆ ಆವತ್ತು ಇರಲಿಲ್ಲ.

ಮುಂದಿನ ಇಪ್ಪತ್ತೆರಡು ವರ್ಷ ಅವಳು ಕ್ವೀನ್ಸಿನ ಒಂದು ಹುಡುಗಿಯರ ಶಾಲೆಯಲ್ಲಿ ಚಿತ್ರಕಲೆ ಕಲಿಸಿದಳು. ಮನೆಯಲ್ಲಿ ಕಾಗದದ ಮೇಲೆ ಬರೆಯುತ್ತಿದ್ದಳು, ಅಂಗೈಯಗಲ. ಬೀದಿಯ ಹಳಬರು ಒಬ್ಬೊಬ್ಬರಾಗಿ ಹೆಸರು ಮಾಡಿದರು, ಇಲ್ಲವೇ ಸತ್ತರು, ಕೆಲವರು ಎರಡನ್ನೂ ಮಾಡಿದರು. ನಿನ್ನ ಕೆಲಸ ಎಲ್ಲಿದೆ ಎಂದು ಯಾರಾದರೂ ಕೇಳಿದರೆ “ಅಕ್ಕನ ಅಟ್ಟದಲ್ಲಿ ಬೆಚ್ಚಗೆ ಮಲಗಿದೆ” ಎನ್ನುವಳು. ಅದೊಂದು ಧೈರ್ಯ. ತಾನು ಇವತ್ತು ಯಾರೂ ಅಲ್ಲದಿದ್ದರೂ ಅಲ್ಲಿ ಇಪ್ಪತ್ತಮೂರು ಚಿತ್ರ ಇವೆ ಎಂಬ ಧೈರ್ಯದ ಮೇಲೆ ಅವಳು ಬಸ್ಸು ಹತ್ತಿದಳು, ಮಕ್ಕಳ ಹಾಳೆ ತಿದ್ದಿದಳು, ಒಬ್ಬಳೇ ಊಟ ಮಾಡಿದಳು.

ಎಂಬತ್ನಾಲ್ಕರಲ್ಲಿ ಆ ಧೈರ್ಯಕ್ಕೆ ಒಂದು ಪತ್ರ ಬಂತು. ಓಹೈಯೋದ ಒಂದು ಮ್ಯೂಸಿಯಂನಲ್ಲಿ ಆ ಕಾಲದ ಹೆಂಗಸರು ಬರೆದ ಚಿತ್ರಗಳದೇ ಪ್ರದರ್ಶನ. ಅದನ್ನು ಮಾಡುತ್ತಿದ್ದ ಥಿಯಾ ರೋಸ್ಕಿನ್ ಎಂಬ ಹುಡುಗಿ ಐವತ್ತಾರರ ಒಂದು ಫೋಟೋದಲ್ಲಿ ಹದಿನಾಲ್ಕನೇ ಚಿತ್ರ ನೋಡಿ ಹುಡುಕಿಕೊಂಡು ಬಂದಿದ್ದಳು. ಒಂದು ಇಡೀ ಕೋಣೆ ನಿಮಗೇ ಎಂದಳು. ಅರವತ್ತೆರಡು ವರ್ಷದ ಆಲ್ಡೋನಾ ಆ ವಾರ ಶಾಲೆಯಲ್ಲಿ ಹುಡುಗಿಯರ ಮುಂದೆ ಹಾಡು ಗುನುಗಿಕೊಂಡು ಓಡಾಡಿದಳು.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಶೆನಂಡೋವಾದ ಚರ್ಚಿನ ಸಭಾಂಗಣದಲ್ಲಿ ಸುರುಳಿಗಳನ್ನು ಸಾಲಾಗಿ ಮಲಗಿಸಿದರು. ಥಿಯಾ ಇದ್ದಳು, ಬ್ರೋನೆ ಇದ್ದಳು, ಬ್ರೋನೆಯ ಮಗಳು ರೆಜಿನಾ ಇದ್ದಳು. ತಂಗಿಯ ದೊಡ್ಡಸ್ತಿಕೆ ನೋಡಲೆಂದು ಬ್ರೋನೆ ಕರೆದುಕೊಂಡು ಬಂದಿದ್ದ ಆರೇಳು ಮುದುಕಿಯರೂ ಇದ್ದರು. ಒಂದೊಂದು ಸುರುಳಿಗೂ ಒಗೆದು ಇಸ್ತ್ರಿ ಮಾಡಿದ ಹಾಸಿಗೆಬಟ್ಟೆಯ ಹೊದಿಕೆ. ಆಲ್ಡೋನಾ ಮೊದಲು ಹದಿನಾಲ್ಕನೇದರ ಹೊದಿಕೆ ತೆಗೆದಳು. ಒಳಗೆ ಬಟ್ಟೆಯ ಬೆನ್ನು ಕಂಡಿತು. ಬಣ್ಣ ಒಳಮುಖವಾಗಿತ್ತು.

ಎರಡು ಕೈಯಲ್ಲಿ ಮೆಲ್ಲಗೆ ಬಿಚ್ಚತೊಡಗಿದಳು. ಹಪ್ಪಳ ಮುರಿದ ಹಾಗೆ ಸದ್ದಾಯಿತು. ಒಂದು ಗೇಣು ಬಿಚ್ಚುವುದರಲ್ಲಿ ಬಟ್ಟೆ ಅಡ್ಡಡ್ಡ ಸೀಳಿ, ಸೀಳಿದ ತುಂಡು ಕೈಯಲ್ಲೇ ಮತ್ತೆ ಮುರಿದು, ಬಣ್ಣದ ಚೂರುಗಳು ಮರದ ನೆಲದ ಮೇಲೆ ಉದುರಿದವು. ಬ್ರೋನೆ ಹಾಕಿದ್ದ ಹೊಲಿಗೆಯ ದಾರವೂ ಪುಡಿಯಾಗಿತ್ತು. ಥಿಯಾ ಕೈ ಅಡ್ಡ ಹಿಡಿದು “ನಿಲ್ಸಿ, ದಯವಿಟ್ಟು ನಿಲ್ಸಿ” ಎಂದಳು.

“ಇದನ್ನ ಯಾರು ಸುತ್ತಿದ್ದು?” ಎಂದಳು ಆಲ್ಡೋನಾ.

“ನಾನೇ ಕಣೇ” ಎಂದಳು ಬ್ರೋನೆ. “ನೀನು ತಂದಿಟ್ಟ ವರ್ಷಾನೇ. ಮಸಿ ಕೂತಿತ್ತು, ನೋಡೋಕಾಗ್ಲಿಲ್ಲ. ಮೂರು ಭಾನುವಾರ ಕೂತು ಎಲ್ಲಾನೂ ಒಳಮುಖ ಸುತ್ತಿ... ಯಾಕೆ ಆಲ್ದುಟೆ? ಹಂಗೆ ಸುತ್ತಬಾರದಿತ್ತಾ?”

“ಮುಟ್ಟಬೇಡ ಅಂದಿರ್ಲಿಲ್ವಾ ನಿಂಗೆ? ಜೀವಮಾನವೆಲ್ಲ ಶರ್ಟಿನ ಕಾಲರ್ ಹೊಲಿದವಳ ಕೈಗೆ ಕೊಟ್ನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನನ್ನ ಇಡೀ ಬದುಕನ್ನ ಕೊಂದ್ಯಲ್ಲೇ ಅಕ್ಕ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದುಕಿಯರು ನೆಲ ನೋಡಿದರು. ಎಪ್ಪತ್ತೊಂದು ವರ್ಷದ ಬ್ರೋನೆ ಮೊಣಕಾಲೂರಿ ಚೂರುಗಳನ್ನು ಏಪ್ರನ್ನಿಗೆ ಹೆಕ್ಕಿಕೊಳ್ಳತೊಡಗಿದಳು. ರೆಜಿನಾ ತಾಯಿಯ ರಟ್ಟೆ ಹಿಡಿದು ಎಬ್ಬಿಸಲು ನೋಡಿದಳು, ಅವಳು ಏಳಲಿಲ್ಲ.

ಉಳಿದವುಗಳನ್ನೂ ಬಿಚ್ಚಿ ನೋಡಿದರು. ಇಪ್ಪತ್ತೊಂದು ಹೋಗಿದ್ದವು. ಎರಡು ಮಾತ್ರ ಸಣ್ಣಪುಟ್ಟ ಬಿರುಕಿನೊಂದಿಗೆ ಗಟ್ಟಿಯಾಗಿದ್ದವು. ಅವೂ ಮೊದಮೊದಲು ಬರೆದಂಥವು, ಆಲ್ಡೋನಾಗೇ ಇಷ್ಟವಿಲ್ಲದವು. ಥಿಯಾ ಆ ಎರಡನ್ನೂ, ಮುರಿದದ್ದರಲ್ಲಿ ಒಂದು ಪಟ್ಟಿಯನ್ನೂ ಪರೀಕ್ಷೆಗೆ ಒಯ್ದಳು.

ಅಕ್ಟೋಬರಿನಲ್ಲಿ ಅವಳ ಫೋನು ಬಂತು.

“ಮೇಡಂ, ಚಿತ್ರ ರಿಪೇರಿ ಮಾಡೋರು ನೋಡಿದ್ರು. ಒಳಮುಖ ಸುತ್ತಿದ್ರಿಂದ ಅಷ್ಟಿಷ್ಟು ಬಿರುಕು ಬಿಟ್ಟಿದೆ, ಅದನ್ನ ಸರಿ ಮಾಡ್ಬಹುದಿತ್ತಂತೆ. ಬಟ್ಟೆ ಹೋಗಿರೋದು ಅದ್ರಿಂದಲ್ಲ. ಅಂಟು ಹಾಕಿಲ್ಲ, ಎಣ್ಣೆ ನೂಲನ್ನ ಸುಟ್ಟುಬಿಟ್ಟಿದೆ. ಹೊರಮುಖ ಸುತ್ತಿದ್ರೂ ಇಷ್ಟೇ, ಸುತ್ತದೇ ಗೋಡೆ ಮೇಲಿದ್ರೂ ಇಷ್ಟೇ ಆಗಿರೋದು ಅಂದ್ರು. ಉಳಿದಿರೋ ಎರಡಕ್ಕೂ ನೀವು ಅಂಟು ಹಾಕಿದ್ರಿ ಮೇಡಂ. ಅವನ್ನೂ ನಿಮ್ಮಕ್ಕ ಒಳಮುಖವಾಗೇ ಸುತ್ತಿದ್ರು, ನೋಡಿ.” ಸ್ವಲ್ಪ ತಡೆದು ಆ ಹುಡುಗಿ ಹೇಳಿದಳು, “ಅವ್ರಿಗೆ ಹೇಳ್ಬಿಡಿ. ಆವತ್ತು ಅವ್ರ ಮುಖ ನಂಗೆ ಮರೆಯೋಕಾಗ್ತಿಲ್ಲ.”

“ಹೇಳ್ತೀನಮ್ಮ” ಎಂದಳು ಆಲ್ಡೋನಾ.

ಅದೇ ಸಂಜೆ ಶೆನಂಡೋವಾಕ್ಕೆ ಫೋನು ಮಾಡಿದಳು. ಬ್ರೋನೆಯ ದನಿ ಕೇಳಿ, ಅಲ್ಲಿ ಚಳಿ ಹೇಗಿದೆ ಎಂದು ಕೇಳಿ, ಇಟ್ಟಳು. ಆಮೇಲೆ ಕಾಗದ ಬರೆದಳು, ಅಂಚೆಗೆ ಹಾಕಲಿಲ್ಲ. ಇಲ್ಲಿ ಅವಳ ಪರವಾಗಿ ಏನಾದರೂ ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರಲ್ಲ, ಅಷ್ಟು ಸಲೀಸೂ ಅಲ್ಲ ಇದು. ಚಿತ್ರಗಳನ್ನು ಅಕ್ಕ ಕೆಡಿಸಿದಳು ಎಂದರೆ ಆಲ್ಡೋನಾ ಒಬ್ಬ ದೊಡ್ಡ ಕಲಾವಿದೆ, ನತದೃಷ್ಟಳು. ತಾನೇ ಕೆಡಿಸಿದೆ ಎಂದರೆ, ಹತ್ತು ವರ್ಷ ಆ ಏಣಿಯ ಕೆಳಗೆ ಬರಿಗಾಲಲ್ಲಿ ನಿಂತು ತನ್ನ ಕೆಲಸಕ್ಕೆ ತಾನೇ ವಿಷ ಹುಯ್ದ ಹೆಂಗಸು. ಅಪ್ಪನ ಕೈಯ ಗುಟ್ಟೇ ಸುಳ್ಳು. ಆ ಎರಡನೆಯ ಹೆಂಗಸಾಗಿ ಒಂದು ದಿನವೂ ಬದುಕುವುದು ಅವಳಿಂದ ಆಗಲಿಲ್ಲ. ನಾಳೆ ಹೇಳೋಣ, ಎದುರಿಗೇ ಹೇಳೋಣ, ಹಬ್ಬಕ್ಕೆ ಹೋದಾಗ ಹೇಳೋಣ ಎಂದುಕೊಂಡಳು.

ನವೆಂಬರಿನಲ್ಲಿ ಬ್ರೋನೆಯ ಕಾಗದ ಬಂತು. ಆ ಚೂರುಗಳನ್ನು ಹಳೆಯ ಹಾಸಿಗೆಬಟ್ಟೆಯ ಮೇಲೆ ಜೋಡಿಸುತ್ತಿದ್ದೇನೆ, ಹಿಂದಿನಿಂದ ಮೈದಾ ಅಂಟು ಹಾಕಿ ಕೂರಿಸಿದರೆ ನಿಲ್ಲುತ್ತಿದೆ. ಆದರೆ ಹಳದಿಯಿರುವ ದೊಡ್ಡ ತುಂಡಿಗೆ ಮೇಲು ಯಾವುದು ಕೆಳಗು ಯಾವುದು ತಿಳಿಯುತ್ತಿಲ್ಲ, ಒಂದು ಗೆರೆ ಬರೆದು ಕಳಿಸು, ನನ್ನ ಕಣ್ಣು ಮೊದಲಿನಂತಿಲ್ಲ ಎಂದು ಬರೆದಿದ್ದಳು. ಆಲ್ಡೋನಾ ಅದಕ್ಕೂ ಉತ್ತರ ಬರೆಯಲಿಲ್ಲ.

ಕ್ರಿಸ್‌ಮಸ್ ಮುನ್ನಾದಿನ ಊರಿಗೆ ಹೋದಳು. ಬ್ರೋನೆ ಕೈ ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದಳು. ಎರಡು ಮಂಚ ಸೇರಿಸಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹದಿನಾಲ್ಕನೇ ಚಿತ್ರದ ಅರ್ಧಕ್ಕಿಂತ ಹೆಚ್ಚು ಎದ್ದು ಕೂತಿತ್ತು. ಬೆರಳುಗುರಿನಷ್ಟು ಚೂರುಗಳು ಸಾವಿರ ಇರಬೇಕು. ಹಳದಿ ತುಂಡು ತಲೆಕೆಳಗಾಗಿತ್ತು.

“ಸರಿಯಾಗಿದ್ಯೇನೇ?” ಬ್ರೋನೆ ಬಾಗಿಲಲ್ಲೇ ನಿಂತು ಕೇಳಿದಳು.

“ಸರಿಯಾಗಿದೆ ಅಕ್ಕ.”

ಹೇಳಿಬಿಡಬೇಕೆಂದು ಅಕ್ಕನ ಕಡೆ ತಿರುಗಿದಳು. ಅಷ್ಟರಲ್ಲಿ ರೆಜಿನಾ ಊಟಕ್ಕೆ ಕರೆದಳು.

ಹಬ್ಬದ ಪದ್ಧತಿಯಂತೆ ಮೇಜಿನ ಬಟ್ಟೆಯ ಕೆಳಗೆ ಹುಲ್ಲು ಹರಡಿತ್ತು. ಹೆರಿಂಗ್ ಮೀನು, ಬೀಟ್‌ರೂಟ್ ಸಾರು, ಅಣಬೆಯ ಕಡುಬು, ಗಸಗಸೆ ಹಾಲಿನಲ್ಲಿ ನೆನೆದ ಪುಟ್ಟ ಬಿಸ್ಕತ್ತು, ಎಲ್ಲ ಸೇರಿ ಹನ್ನೆರಡು ಬಗೆ. ಸತ್ತವರಿಗೆಂದು ಒಂದು ಖಾಲಿ ತಟ್ಟೆ. ಆ ದಿನ ಯಾರೂ ಒಂದು ತುತ್ತು ಮುಟ್ಟುವ ಮೊದಲು, ಚರ್ಚಿನಿಂದ ತಂದ ತೆಳ್ಳನೆಯ ಬಿಳಿ ರೊಟ್ಟಿಯನ್ನು ಒಬ್ಬರ ಕೈಯಿಂದ ಒಬ್ಬರು ಮುರಿದುಕೊಳ್ಳಬೇಕು. ಮುರಿಯುವಾಗ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳಬೇಕು. ಮನಸ್ಸಿನಲ್ಲಿ ಏನನ್ನಾದರೂ ಇಟ್ಟುಕೊಂಡು ಆ ಕೈಯಿಂದ ರೊಟ್ಟಿ ಮುರಿಯಬಾರದು ಎಂದು ಮಕ್ಕಳಿಗೂ ಗೊತ್ತು.

ಬ್ರೋನೆ ಎದ್ದು ತಂಗಿಯ ಮುಂದೆ ಬಂದು ನಿಂತಳು. ರೊಟ್ಟಿಯನ್ನು ಅವಳ ಮುಂದೆ ಹಿಡಿದಳು.

“ಆಲ್ದುಟೆ, ನಾನು ಓದಿಲ್ಲ. ಚೆನ್ನಾಗಿರ್ಲಿ ಅಂತ ಸುತ್ತಿದ್ದು, ಹಾಳ್ಮಾಡ್ಬೇಕು ಅಂತಲ್ಲ. ನಿನ್ನ ಬದುಕನ್ನ ಕೊಂದುಬಿಟ್ಟೆ. ಕ್ಷಮಿಸ್ತೀಯಾ?”

ಮೇಜಿನ ಸುತ್ತ ಎಲ್ಲರೂ ಕಾಯುತ್ತಿದ್ದರು. ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರುವುದಿಲ್ಲ ಎಂದು ಆಲ್ಡೋನಾಗೆ ಗೊತ್ತಿತ್ತು. ಅವಳು ಕೈ ಚಾಚಿ ಅಕ್ಕನ ರೊಟ್ಟಿಯಿಂದ ಒಂದು ಚೂರು ಮುರಿದುಕೊಂಡಳು.

“ಕ್ಷಮಿಸಿದ್ದೀನಿ ಅಕ್ಕ” ಎಂದಳು.

ಬ್ರೋನೆ ಅವಳ ಎರಡೂ ಕೈಗೆ ಮುತ್ತಿಟ್ಟಳು. ಎಲ್ಲರೂ ಕೂತು ಊಟ ಮಾಡಿದರು.

ಏಪ್ರಿಲ್‌ನಲ್ಲಿ ಆ ಎರಡು ಹಳೆಯ ಚಿತ್ರಗಳು ಓಹೈಯೋದ ಗೋಡೆ ಏರಿದವು. ಅದು ಬೇರೆ ಮಾತು. ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ಬ್ರೋನೆ ಮನೆ ಮುಂದಿನ ಹಿಮ ಎತ್ತುವಾಗ ಕುಸಿದು ಬಿದ್ದಳು. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಜೀವ ಹೋಗಿತ್ತು.

ಮಣ್ಣು ಮುಗಿಸಿ ಬಂದವರೆಲ್ಲ ಊಟ ಮಾಡಿ ಹೊರಟ ಮೇಲೆ ಅಡಿಗೆಮನೆಯಲ್ಲಿ ಇಬ್ಬರೇ ಉಳಿದರು. ರೆಜಿನಾ ತಟ್ಟೆ ತೊಳೆಯುತ್ತಿದ್ದಳು, ಆಲ್ಡೋನಾ ಒರೆಸಿಡುತ್ತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಅವಳಿಗೆ ಹೇಳದೆ ಇರಲಾಗಲಿಲ್ಲ.

“ರೆಜಿನಾ, ಆ ಚಿತ್ರಗಳು ಹೋಗಿದ್ದು ನಿಮ್ಮಮ್ಮ ಸುತ್ತಿದ್ದಕ್ಕಲ್ಲ. ಬಟ್ಟೆಗೆ ನಾನು ಅಂಟು ಹಾಕಿರ್ಲಿಲ್ಲ. ಎಣ್ಣೆ ತಿಂದು ಹೋಗಿದ್ದು. ತಪ್ಪು ನಂದೇ.”

“ಯಾರು ಹೇಳಿದ್ರು?”

“ಮ್ಯೂಸಿಯಂನೋರು ಪರೀಕ್ಷೆ ಮಾಡ್ಸಿದ್ರು.”

“ಯಾವಾಗ?”

“ಅಕ್ಟೋಬರ್‌ನಲ್ಲಿ.”

ರೆಜಿನಾಳ ಕೈ ನೀರಿನೊಳಗೆ ನಿಂತಿತು. “ಅಂದ್ರೆ, ರೊಟ್ಟಿ ಮುರಿಯೋವಾಗ ನಿಮ್ಗೆ ಗೊತ್ತಿತ್ತು.”

“ಗೊತ್ತಿತ್ತು.”

ರೆಜಿನಾ ಕೂಗಾಡಲಿಲ್ಲ. ಕೂಗಾಡಿದ್ದರೆ ಆಲ್ಡೋನಾಗೆ ಹಗುರವಾಗುತ್ತಿತ್ತು.

“ಮಾರನೇ ದಿನ ಪೂಜೆ ಮುಗಿದ್ಮೇಲೆ ಅಮ್ಮ ಚರ್ಚಿನ ಮೆಟ್ಟಿಲ ಮೇಲೆ ನಿಂತ್ಕೊಂಡು ಬಂದೋರಿಗೆಲ್ಲ ಹೇಳಿದ್ಲು ಚಿಕ್ಕಮ್ಮ. ನನ್ನ ತಂಗಿ ಎಷ್ಟು ದೊಡ್ಡ ಮನಸ್ಸಿನವಳು, ನಾನು ಮಾಡಿದ ಅಂಥಾ ತಪ್ಪನ್ನ ಒಂದೇ ಮಾತಲ್ಲಿ ಕ್ಷಮಿಸಿಬಿಟ್ಲು ಅಂತ. ಸಾಯೋವರ್ಗೂ ಅದನ್ನೇ ಹೇಳ್ಕೊಂಡು ಓಡಾಡಿದ್ಲು.”

ಆಲ್ಡೋನಾ ಇನ್ನೊಂದು ತಟ್ಟೆಗೆ ಕೈ ಚಾಚಿದಳು. ರೆಜಿನಾ ಅವಳ ಕೈಯಿಂದ ಟವೆಲ್ ತೆಗೆದುಕೊಂಡಳು.

“ಬೇಡ, ನಾನು ಮಾಡ್ಕೊಳ್ತೀನಿ. ನೀವು ಹೊರಡಿ. ಐದು ಗಂಟೆ ಬಸ್ಸು ತಪ್ಪಿ ಹೋಗುತ್ತೆ.”